ಚಾಚಾನ ಪೇಪರಿನಲ್ಲಿ ಬಿಟ್ಟ ಖಾಲಿ ಜಾಗ

ಕಳೆದ ವಾರ ನಮ್ಮವ್ವ ಹಳೆಯ ಡಬ್ಬಿಯೊಂದರಲ್ಲಿ ಮೈದಾ ಅಂಟು ಕಾಸುತ್ತಿದ್ದಳು. ಗೋಡೆಯ ಗೂಡಿಗೆ ಹೊಸ ಕಾಗದ ಹಚ್ಚಬೇಕಿತ್ತಂತೆ. ಹುಳ ತಿನ್ನಬಾರದೆಂದು ಚಿಟಿಕೆ ಮೈಲುತುತ್ತ ಬೇರೆ ಹಾಕಿದ್ದಳು. ಹಸಿ ಹಿಟ್ಟು ಬೇಯುವ ಆ ವಾಸನೆ ಒಳಕೋಣೆಯವರೆಗೂ ಬಂತು. ಲ್ಯಾಪ್‌ಟಾಪ್ ಮುಂದೆ ಕೂತು ಯಾವುದೋ ಪುಟಕ್ಕೆ ಹೆಡ್ಡಿಂಗ್ ಕೂರಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಆ ವಾಸನೆ ನನಗೆ ಪರಿಚಯವಾದದ್ದು ನಮ್ಮನೆಯಲ್ಲಲ್ಲ. ಚಾಚಾನ ಆಫೀಸಿನಲ್ಲಿ.

ಚಾಚಾ ಅಂದರೆ ನನಗೆ ಸಂಬಂಧಿಯೇನಲ್ಲ. ನಮ್ಮದು ಗಜೇಂದ್ರಗಡದಲ್ಲಿ ಮಗ್ಗದ ಮನೆ. ಅವರು ಅದೇ ಊರಿನಲ್ಲಿ ನಾಲ್ಕು ಪುಟದ ವಾರಪತ್ರಿಕೆ ನಡೆಸುತ್ತಿದ್ದವರು. ಪತ್ರಿಕೆಗೆ ಒಂದು ಹೆಸರಿತ್ತು, ಆದರೆ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೋಣದಲ್ಲಿ, ನರಗುಂದದಲ್ಲಿ, ಸುತ್ತಲ ಹಳ್ಳಿಗಳಲ್ಲಿ ಎಲ್ಲರೂ ಅದನ್ನು ಚಾಚಾನ ಪೇಪರ್ ಎಂದೇ ಕರೆಯುತ್ತಿದ್ದರು. ಸುದ್ದಿ ಬರೆಯುವವರೂ ಅವರೇ, ಗದಗಿನ ಪ್ರೆಸ್ಸಿನಿಂದ ಅಚ್ಚಾಗಿ ಬಂದ ಬಂಡಲ್ಲುಗಳನ್ನು ಶನಿವಾರ ಮುಂಜಾನೆ ಬಸ್ಸಿಗೆ ಹಾಕುವವರೂ ಅವರೇ. ಅಂಚೆಯಲ್ಲಿ ಹೋಗುವ ಪ್ರತಿಗಳಿಗೆ ವಿಳಾಸದ ಚೀಟಿ ಹಚ್ಚಲು ಮೈದಾ ಅಂಟು ಕಾಸುತ್ತಿದ್ದರು. ರೆಡಿಮೇಡ್ ಗಮ್ಮು ಸಿಗುತ್ತದಲ್ಲ ಎಂದು ನಾನು ಹೇಳಿದ್ದಕ್ಕೆ, ಅದಕ್ಕೆ ವಾಸನೆಯೇ ಇಲ್ಲ ಎಂದು ಮುಖ ಕಿವುಚಿದ್ದರು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಅವರ ಆಫೀಸು. ಒಂದು ಶಟರಿನ ಕೋಣೆ. ಹಿಂದಿನ ಇನ್ನೊಂದು ಸಣ್ಣ ಕೋಣೆಯಲ್ಲಿ ಅವರ ಮಂಚ, ಸ್ಟೋವು, ಟ್ರಂಕು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಗೋಡೆಗೆ ಒತ್ತಿ ಒಂದು ಉದ್ದನೆಯ ಬೆಂಚು. ಪತ್ರಿಕೆಯೆಲ್ಲ ಹುಟ್ಟುತ್ತಿದ್ದದ್ದು ಆ ಬೆಂಚಿನ ಮೇಲೆ ಅಂತ ಹೇಳಿದರೂ ತಪ್ಪಿಲ್ಲ.

ಯಾಕೆಂದರೆ ಚಾಚಾ ಫೋನಿನಲ್ಲಿ ಸುದ್ದಿ ತೆಗೆದುಕೊಳ್ಳುತ್ತಿರಲಿಲ್ಲ. ಯಾರೇ ಫೋನ್ ಮಾಡಿದರೂ ಒಂದೇ ಮಾತು, "ಬಂದು ಹೇಳ್ರಿ." ಸುದ್ದಿ ಇದ್ದವರು ಬರಬೇಕು, ಬೆಂಚಿನ ಮೇಲೆ ಕೂರಬೇಕು, ಚಹಾ ಕುಡಿಯಬೇಕು, ಹೇಳಬೇಕು. ಅವರು ಕೇಳಿ ಕೇಳಿ ಬರೆದುಕೊಳ್ಳಬೇಕು. ಒಮ್ಮೆ ಅಬ್ಬಿಗೇರಿಯಿಂದ ಒಬ್ಬರು, ಮಗಳು ಪರೀಕ್ಷೆಯಲ್ಲಿ ಸಾಲೆಗೇ ಮೊದಲು ಬಂದಿದ್ದಾಳೆ ಎಂದು ಫೋನ್ ಮಾಡಿದ್ದರಂತೆ. ಮಗಳನ್ನೂ ಕರಕೊಂಡು ಬರ್ರಿ ಎಂದರು ಚಾಚಾ. ಮರುದಿನ ಅಪ್ಪ, ಮಗಳು, ಅವರ ಜೊತೆ ಅಜ್ಜಿ, ಅಜ್ಜಿಯ ಜೊತೆ ಒಂದು ಚೀಲ ಒಣಮೆಣಸಿನಕಾಯಿ. ಹುಡುಗಿಯ ಸುದ್ದಿ ನಾಲ್ಕು ಸಾಲು ಬಂತು. ಅಜ್ಜಿ ಮಾತಾಡುತ್ತಾ ಮಾತಾಡುತ್ತಾ ಊರಿನ ಬೋರ್‌ವೆಲ್ ಕೆಟ್ಟಿರುವುದನ್ನು ಹೇಳಿದ್ದು ಮೊದಲ ಪುಟಕ್ಕೆ ಹೋಯಿತು! ಇದನ್ನು ಚಾಚಾ ನನಗೆ ಎಷ್ಟು ಸಲ ಹೇಳಿದ್ದರೋ.

ನಾನು ನೋಡುವ ಹೊತ್ತಿಗೆ ಅದೆಲ್ಲ ಮುಗಿಯುತ್ತ ಬಂದಿತ್ತು. ಊರಿಗೊಂದು ಮೊಬೈಲ್ ಗ್ರೂಪು, ಓಣಿಗೊಂದು ಗ್ರೂಪು. ಯಾರದ್ದೋ ಮನೆಯಲ್ಲಿ ಮಗು ಹುಟ್ಟಿದರೆ ಅದು ಅಳುವುದು ನಿಲ್ಲಿಸುವ ಮೊದಲೇ ಫೋಟೋ ಎಲ್ಲರ ಫೋನಿನಲ್ಲಿ. ಇನ್ನು ಬಸ್ಸು ಹತ್ತಿ ಬಂದು ಬೆಂಚಿನ ಮೇಲೆ ಕೂತು ಹೇಳುವುದೇಕೆ? ಸೋತು ಚಾಚಾ ಕೂಡ ಫೋನಿಗೆ ಬಂದ ಸುದ್ದಿಯನ್ನೇ ಹಾಕತೊಡಗಿದ್ದರು. ಬೆಂಚಿನ ಒಂದು ತುದಿಗೆ, ಮಾರಾಟವಾಗದೆ ಉಳಿದ ಬಂಡಲ್ಲುಗಳು ಬಂದು ಕೂತಿದ್ದವು.

ನನ್ನ ಕಥೆಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಡಿಗ್ರಿ ಮುಗಿಸಿ ನಾನು ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಲಗ್ನಪತ್ರಿಕೆ, ಹುಟ್ಟುಹಬ್ಬದ ಬ್ಯಾನರು, ಜೆರಾಕ್ಸು. ವಿನ್ಯಾಸ ಅಂತ ಒಂದು ವಿದ್ಯೆ ಇದೆ ಅಂತ ಗೊತ್ತಾದದ್ದೇ ಮೊಬೈಲಿನಲ್ಲಿ ವಿಡಿಯೋ ನೋಡಿ. ಅವರ ಇಂಗ್ಲಿಷು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಅವರು ಏನು ಮಾಡುತ್ತಾರೆ ಅಂತ ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತೆ. ಕಾಲಂ ಹೇಗೆ ಹಾಕಬೇಕು, ಅಕ್ಷರದ ನಡುವೆ ಎಷ್ಟು ಗಾಳಿ ಬಿಡಬೇಕು, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ... ಹುಚ್ಚೇ ಹಿಡಿದಿತ್ತು ಅನ್ನಿ. ಬಸ್ ಟಿಕೆಟ್, ಬಿಸ್ಕತ್ ಪೊಟ್ಟಣ, ಅಂಗಡಿ ಬೋರ್ಡು, ಯಾವುದನ್ನೂ ಸುಮ್ಮನೆ ನೋಡುತ್ತಿರಲಿಲ್ಲ. ಇದನ್ನೆಲ್ಲ ಕೇಳಿಸಿಕೊಳ್ಳುವವರು ಮಾತ್ರ ಊರಿನಲ್ಲಿ ಯಾರೂ ಇರಲಿಲ್ಲ. ಅವ್ವನಿಗೆ ಹೇಳಿದರೆ, ಅಕ್ಷರ ಅಕ್ಷರಾನೇ ಅಲ್ಲೇನ ಎನ್ನುತ್ತಿದ್ದಳು.

ಒಂದು ದಿನ ಚಾಚಾ ಅಂಗಡಿಗೆ ಜೆರಾಕ್ಸಿಗೆ ಬಂದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ನಿಮ್ಮ ಪೇಪರ್ ನೋಡಿದರೆ ಕಣ್ಣಿಗೆ ಚುಚ್ಚುತ್ತದೆ ಎಂದುಬಿಟ್ಟೆ. ಅಂಗಡಿ ಮಾಲೀಕರು ನನ್ನತ್ತ ಕಣ್ಣು ಕೆಕ್ಕರಿಸಿದರು. ಚಾಚಾ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಕಣ್ಣಿಗೆ ಚುಚ್ಚತೈತಿ ಅಂದ್ರ ನೀ ಓದ್ತೀ ಅಂತಾತಲ್ಲ ತಂಗಿ," ಎಂದರು. "ನಾ ಯಾರೂ ಓದೂದಿಲ್ಲ ಅಂತ ತಿಳಕೊಂಡಿದ್ನಿ."

ಹಾಗೆ ಶುರುವಾದದ್ದು. ಅಂಗಡಿ ಮುಗಿಸಿ ಸಂಜೆ ಹೋಗಿ ಅವರ ಕಂಪ್ಯೂಟರಿನ ಮುಂದೆ ಕೂರತೊಡಗಿದೆ. ಹಳೆಯ ಮೊದಲ ಪುಟ ಹೇಗಿತ್ತು ಅಂದರೆ, ಬೆರಳಿಡಲು ಜಾಗವಿರಲಿಲ್ಲ. ಮೇಲೆ ಕೆಂಪು ಅಕ್ಷರದ ಹೆಸರು, ಅದಕ್ಕೊಂದು ಕಪ್ಪು ನೆರಳು. ಪಕ್ಕದಲ್ಲಿ ಹುಟ್ಟುಹಬ್ಬದವರು, ಕೆಳಗೆ ತೀರಿಕೊಂಡವರು, ನಡುವೆ ಸಂಘದ ಸಭೆ. ಸಭೆಯ ಫೋಟೋದಲ್ಲಿ ಸಾಲಾಗಿ ನಿಂತ ಅಷ್ಟೂ ಮಂದಿಯ ಹೆಸರು. ಅಷ್ಟು ಹೆಸರು ಬೇಡ, ನಡುವಿನವರನ್ನು ಮಾತ್ರ ದೊಡ್ಡದಾಗಿ ತೋರಿಸೋಣ ಎಂದೆ. ಅದೊಂದಕ್ಕೆ ಚಾಚಾ ಒಪ್ಪಲಿಲ್ಲ. ತುದಿಗೆ ನಿಂತವನು ಫೋಟೋಕ್ಕಾಗಿ ಹೊಸ ಅಂಗಿ ಹಾಕಿಕೊಂಡು ಬಂದಿರುತ್ತಾನೆ ಎಂದರು. ಹೆಸರುಗಳು ಉಳಿದವು, ಒಳಪುಟಕ್ಕೆ ಹೋದವು.

ಇಷ್ಟೆಲ್ಲ ಬದಲಾಯಿಸಿ ನಿಮಗೇನು ಬೇಕು ಚಾಚಾ ಎಂದು ಒಮ್ಮೆ ಕೇಳಿದೆ. ಹೆಚ್ಚು ಪ್ರತಿ ಹೋಗಬೇಕು, ಜಾಹೀರಾತು ಬರಬೇಕು, ಅಂತ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಬೆಂಚಿನ ಕಡೆ ನೋಡಿದರು.

"ಪೇಪರ್ ಕೈಯಾಗ ಹಿಡದ್ರ ಮಂದಿ ಬರ್ತಾರ ತಂಗಿ. ಬಂದ್ರ ಸಾಕು ನನಗ," ಎಂದರು.

ನಾನು ಮಾಡಿದ ಹೊಸ ಮೊದಲ ಪುಟದಲ್ಲಿ ಒಂದೇ ದೊಡ್ಡ ಫೋಟೋ. ಪುರ್ತಗೇರಿಯ ಹೊಲದಲ್ಲಿ ಮುಂಜಾನೆ ಹೆಂಗಸರು ಸಾಲು ಹಿಡಿದು ಕಳೆ ತೆಗೆಯುತ್ತಿದ್ದದ್ದು, ನಾನೇ ಹೋಗಿ ತೆಗೆದದ್ದು. ಅದರ ಕೆಳಗೆ ಮುಖ್ಯ ಸುದ್ದಿ. ಬಲಗಡೆ ಒಂದು ಕಾಲಂ ಅರ್ಧದವರೆಗೆ ಪೂರ್ತಿ ಖಾಲಿ. ಏನೂ ಇಲ್ಲ, ಗೆರೆಯೂ ಇಲ್ಲ. ಬರೇ ಬಿಳಿ. ಪುಟ ಉಸಿರಾಡಬೇಕಲ್ಲ! ವಿಡಿಯೋಗಳಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು.

ಚಾಚಾ ಆ ಬಿಳಿ ಜಾಗವನ್ನು ತುಂಬಾ ಹೊತ್ತು ನೋಡಿದರು. ಇಲ್ಲಿ ಏನು ಬರುತ್ತದೆ ಎಂದು ಕೇಳಿದರು. ಏನೂ ಬರುವುದಿಲ್ಲ, ಕಣ್ಣಿಗೆ ಆರಾಮ ಸಿಗಲಿ ಅಂತ ಬಿಟ್ಟಿದ್ದೇನೆ ಎಂದೆ.

"ಆರಾಮ ಬೇಕಾದವ್ರು ಮನ್ಯಾಗ ಮಲಕೋತಾರ. ಪೇಪರ್ ಯಾಕ ತಗೋತಾರ?" ಎಂದರು. ಆದರೂ ತೆಗೆಸಲಿಲ್ಲ. ಹಾಗೇ ಗದಗಿಗೆ ಕಳಿಸು ಎಂದರು.

ಶನಿವಾರ ನಾನು ಅಂಗಡಿಯಲ್ಲಿ ಕೂತು ಯಾರಾದರೂ ಹೊಸ ಪುಟದ ಬಗ್ಗೆ ಏನಾದರೂ ಹೇಳುತ್ತಾರಾ ಅಂತ ಕಾಯುತ್ತಿದ್ದೆ. ಮಧ್ಯಾಹ್ನ ಚಾಚಾನ ಫೋನು ಬಂತು, ಲಗೂ ಬಾ ಎಂದರು. ಓಡಿ ಹೋದೆ. ಓಣಿಯಲ್ಲಿ ಬೈಕುಗಳು. ಒಳಗೆ ಬೆಂಚು ತುಂಬಿ, ಹಿಟ್ಟಿನ ಗಿರಣಿಯಿಂದ ತಂದ ಸ್ಟೂಲಿನ ಮೇಲೂ ಒಬ್ಬರು!

ಅವರೆಲ್ಲ ಬಂದದ್ದು ಆ ಖಾಲಿ ಜಾಗಕ್ಕೆ. ಅಲ್ಲಿದ್ದ ಸುದ್ದಿಯನ್ನು ಯಾಕೆ ತೆಗೆದಿರಿ ಎಂದು ಕೇಳಲು.

ನನಗೆ ಆಮೇಲೆ ತಿಳಿಯಿತು. ನಾನು ಹುಟ್ಟುವ ಮೊದಲು ಒಮ್ಮೆ, ಯಾವುದೋ ಸುದ್ದಿ ಹಾಕಕೂಡದು ಎಂದು ದೊಡ್ಡವರಿಂದ ಒತ್ತಡ ಬಂದಾಗ, ಚಾಚಾ ಅದನ್ನು ತೆಗೆದು ಆ ಜಾಗಕ್ಕೆ ಬೇರೇನೂ ತುಂಬದೆ ಬಿಳಿಯಾಗಿಯೇ ಅಚ್ಚು ಹಾಕಿಸಿದ್ದರಂತೆ. ಅವತ್ತಿನಿಂದ ಗಜೇಂದ್ರಗಡ, ರೋಣ, ನರಗುಂದ ಈ ಮೂರೂ ಊರುಗಳಲ್ಲಿ ಚಾಚಾನ ಪೇಪರಿನಲ್ಲಿ ಖಾಲಿ ಜಾಗ ಅಂದರೆ ಒಂದೇ ಅರ್ಥ. ಯಾರೋ ಕೈ ಅಡ್ಡ ಹಿಡಿದಿದ್ದಾರೆ. ಪುಟ ನೋಡುವಾಗ ಚಾಚಾಗೆ ಅದು ನೆನಪಾಗಿತ್ತೋ ಇಲ್ಲವೋ... ಕೇಳಬೇಕೆಂದು ಅನಿಸಿದ್ದು ಎಷ್ಟೋ ಸಲ, ಕೇಳಲಿಲ್ಲ.

ಪುರಸಭೆಯ ಸದಸ್ಯರೊಬ್ಬರು ಬೆವರುತ್ತಾ ಕೂತಿದ್ದರು, ತಮ್ಮ ವಾರ್ಡಿನ ಗಟಾರದ ಸುದ್ದಿಯೇ ಇರಬೇಕೆಂದು. ಅವರ ಎದುರು ಪಕ್ಷದವರು ಬೆಂಚಿನ ಇನ್ನೊಂದು ತುದಿಗೆ ಕೂತಿದ್ದರು, ಅದೇ ಆಗಿರಲಿ ಎಂದು. ಶಿರೋಳದ ರೈತರೊಬ್ಬರಿಗೆ ಸಿಟ್ಟು ನೆತ್ತಿಗೇರಿತ್ತು. ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದವರು ಮುಚ್ಚಿದ್ದಾರೆಂದು ಅವರು ಹಿಂದಿನ ವಾರ ಫೋನಿಗೆ ಬರೆದು ಕಳಿಸಿದ್ದರಂತೆ, ಅದು ಬಂದಿರಲಿಲ್ಲ. ಅವರ ಪಾಲಿಗೆ ಆ ಬಿಳಿ ಜಾಗ ಅವರದೇ ಹೊಲದ ದಾರಿ. ನರಗುಂದದಲ್ಲಿ ನಮ್ಮ ಪೇಪರ್ ಮಾರುತ್ತಿದ್ದ ಚಹಾದಂಗಡಿಯವರು ಫೋನ್ ಮಾಡಿ, ಇಲ್ಲಿ ಮಂದಿ ಪೇಪರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ ಎಂದರು.

ಚಾಚಾ ಖರೇ ಹೇಳಿದರು. ಅಲ್ಲಿ ಏನೂ ಇರಲಿಲ್ಲ, ಈ ಹುಡುಗಿ ಚೆಂದಕ್ಕೆ ಬಿಟ್ಟಿದ್ದಾಳೆ ಎಂದು ನನ್ನನ್ನು ತೋರಿಸಿದರು. ಎಲ್ಲರೂ ನನ್ನನ್ನು ನೋಡಿ ನಕ್ಕರು.

"ಹೇಳೂದಿಲ್ಲ ಅಂದ್ರ ಇಲ್ಲ ಅನ್ರಿ ಚಾಚಾ, ಈ ಕೂಸಿನ ಮ್ಯಾಲ ಯಾಕ ಹಾಕ್ತೀರಿ?" ಎಂದರು ಸದಸ್ಯರು.

ಚಹಾ ಬಂತು, ಮತ್ತೆ ಚಹಾ ಬಂತು. ಮೂಲ ಸುದ್ದಿ ಸಿಗುವುದಿಲ್ಲವೆಂದು ಗೊತ್ತಾದ ಮೇಲೂ ಯಾರೂ ಏಳಲಿಲ್ಲ. ಬಂದವರು ಸುಮ್ಮನೆ ಕೂರುತ್ತಾರೆಯೇ? ಒಬ್ಬರು ಬಸ್ಸು ಸರಿಯಾಗಿ ನಿಲ್ಲಿಸುತ್ತಿಲ್ಲವೆಂದರು, ಇನ್ನೊಬ್ಬರು ದವಾಖಾನೆಯ ನಳದ ಸುದ್ದಿ ಹೇಳಿದರು. ಶಿರೋಳದವರು ಕಟ್ಟಕಡೆಗೆ ತಮ್ಮ ದಾರಿಯ ಕಥೆಯನ್ನು ಮೊದಲಿನಿಂದ ಹೇಳಿದರು. ಚಾಚಾ ಕೇಳಿ ಕೇಳಿ ಬರೆದುಕೊಂಡರು. ಆ ವಾರವೆಲ್ಲ ಹಾಗೇ. ಅವರು ದಿನಾ ಗಡ್ಡ ನುಣ್ಣಗೆ ಹೆರೆದು ಇಸ್ತ್ರಿ ಅಂಗಿ ಹಾಕುತ್ತಿದ್ದರು. ಬಂಡಲ್ಲುಗಳನ್ನು ಬೆಂಚಿನಿಂದ ಎತ್ತಿ ಒಳಗೆ ಮಂಚದ ಕೆಳಗಿಟ್ಟರು. ನಾನು ಹೋದರೆ ಬಾಯ್ತುಂಬ, ಬಾರವ್ವ ಎನ್ನುತ್ತಿದ್ದರು. ಮುಂದಿನ ವಾರದ ಪತ್ರಿಕೆ ಎಷ್ಟು ಚಲೋ ಬಂತು ಅಂದರೆ... ಎಲ್ಲವೂ ಕೂತು ಹೇಳಿದ, ಕೂತು ಕೇಳಿದ ಸುದ್ದಿ. ಅದರಲ್ಲೂ ಬಲಗಡೆ ಅದೇ ಬಿಳಿ ಕಾಲಂ. ಈ ಸಲ ಅದನ್ನು ಖಾಲಿ ಬಿಡು ಎಂದು ಹೇಳಿದ್ದು ಚಾಚಾನೇ.

ಎರಡನೇ ವಾರ ಇನ್ನೂ ಹೆಚ್ಚು ಜನ ಬಂದರು. ಆದರೆ ಮಾತಿನ ಧಾಟಿ ಬದಲಾಗಿತ್ತು. ಬೆಂಚಿನ ಮೇಲಿದ್ದವರು ಪಿಸುಗುಟ್ಟುವುದು, ಚಾಚಾ ತಿರುಗಿದರೆ ನಿಲ್ಲಿಸುವುದು. ಒಮ್ಮೆಯಾದರೆ ಹೆದರಿಸಿದ್ದಾರೆ ಅನ್ನಬಹುದು, ಎರಡನೇ ಸಲವೂ ಅಂದರೆ ಇವರೇ ಒಪ್ಪಿಕೊಂಡಿರಬೇಕು ಎಂದು ರೋಣದ ಹೋಟೆಲೊಂದರಲ್ಲಿ ಮಾತಾಯಿತಂತೆ. ರೊಕ್ಕ ಕೊಟ್ಟು ಚಾಚಾನ ಬಾಯಿ ಮುಚ್ಚಿಸಿದ್ದಾರೆ ಎಂದು. ಅದನ್ನು ತಂದು ಹೇಳಿದ್ದು ಶಿರೋಳದವರು. ತಮ್ಮ ದಾರಿಯ ಸುದ್ದಿ ಬಂದ ಮೇಲೆ ಅವರು ಚಾಚಾನ ಕಡೆಯವರಾಗಿದ್ದರು. ಹೇಳುವಾಗ ಅವರಿಗೇ ಸಂಕಟವಾಗುತ್ತಿತ್ತು.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಚಾಚಾ ಬೆಂಚಿನ ಮೇಲೆ ತಾವೇ ಕೂತರು. ಅವರು ಅಲ್ಲಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಖಾಲಿ ಜಾಗ ಮುಂದುವರಿಸಿದರೆ ಜನ ಬರುತ್ತಾರೆ. ಮುಂದುವರಿಸಿದಷ್ಟೂ ಅವರ ಮಾತಿಗಿದ್ದ ಬೆಲೆ ಹೋಗುತ್ತದೆ. ಇದು ನನಗೇ ಹೊಳೆದಿತ್ತು ಅಂದಮೇಲೆ ಅವರಿಗೆ ಹೊಳೆಯದೆ ಇರುತ್ತದೆಯೇ? ಆ ಜಾಗಕ್ಕೆ ಒಂದು ಜಾಹೀರಾತು ಹಾಕಿ ಸುಮ್ಮನಾಗೋಣ ಚಾಚಾ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಬರದು ಬಿಡೂನು ತಂಗಿ. ಇದ್ದದ್ದು ಇದ್ದಂಗ."

ಅವರು ಹೇಳಿದರು, ನಾನು ಟೈಪ್ ಮಾಡಿದೆ. ಮೂರನೇ ವಾರ ಆ ಬಿಳಿ ಕಾಲಮ್ಮಿನ ನಡುವೆ ಸಣ್ಣ ಅಕ್ಷರದಲ್ಲಿ ಅದು ಅಚ್ಚಾಯಿತು. ಈ ಜಾಗದಲ್ಲಿ ಯಾವ ಸುದ್ದಿಯೂ ಇರಲಿಲ್ಲ, ಯಾರೂ ತೆಗೆಸಿಲ್ಲ, ಪುಟ ಚೆಂದ ಕಾಣಲೆಂದು ಬಿಟ್ಟದ್ದು. ಹೇಳುವುದಿದ್ದವರು ಎಂದಿನಂತೆ ಆಫೀಸಿಗೆ ಬನ್ನಿ. ಅಷ್ಟೇ.

ಅಚ್ಚಿನಲ್ಲಿ ಬಂದದ್ದನ್ನು ಜನ ನಂಬಿದರು. ಬಾಯಿಮಾತಿನಲ್ಲಿ ಹೇಳಿದಾಗ ನಂಬದವರು, ಅದೇ ಮಾತನ್ನು ಪೇಪರಿನಲ್ಲಿ ಓದಿ ನಂಬಿಬಿಟ್ಟರು! ಚಾಚಾನ ಮೇಲಿನ ಅನುಮಾನವೂ ಹೋಯಿತು. ಅದರ ಜೊತೆಗೆ...

ಆ ಶನಿವಾರ ಚಾಚಾ ಓಣಿಯ ಚಹಾದಂಗಡಿಗೆ ಮುಂಚೆಯೇ ಹೇಳಿ ಒಂದು ಕೆಟಲಿ ತುಂಬ ಚಹಾ ತರಿಸಿಟ್ಟಿದ್ದರು. ಮಿರ್ಚಿ ಭಜಿಯ ದೊಡ್ಡ ಪೊಟ್ಟಣ ಬೇರೆ. ನಾನು ಅಂಗಡಿಗೆ ರಜೆ ಹಾಕಿ ಹೋಗಿದ್ದೆ. ಮಧ್ಯಾಹ್ನದವರೆಗೆ ಒಬ್ಬರೂ ಬರಲಿಲ್ಲ. ಓಣಿಯಲ್ಲಿ ಬೈಕಿನ ಸದ್ದಾದರೆ ಚಾಚಾ ಬಾಗಿಲ ಕಡೆ ನೋಡುತ್ತಿದ್ದರು, ಅದು ಹಿಟ್ಟಿನ ಗಿರಣಿಗೆ ಬಂದದ್ದಾಗಿರುತ್ತಿತ್ತು. ಭಜಿಯ ಎಣ್ಣೆ ಕಾಗದಕ್ಕೆ ಇಳಿದು ಹರಡಿತು. ಜನ ನಿಧಾನಕ್ಕೆ ಬರುತ್ತಾರೆ ಎಂದು ನಾನು ಏನೇನೋ ಹೇಳುತ್ತಿದ್ದೆ. ಕಾಲಂ ಅಳತೆ, ಹೊಸ ಅಕ್ಷರ, ಮುಂದಿನ ವಾರದ ಫೋಟೋ. ಮಾತು ಮುಗಿದು ನಾನೂ ಬಾಗಿಲ ಕಡೆ ನೋಡಿದೆ.

"ನೀ ಹೇಳು," ಎಂದರು ಚಾಚಾ, ನನ್ನ ಲೋಟಕ್ಕೆ ಚಹಾ ಬಗ್ಗಿಸುತ್ತಾ. "ನಾ ಕೇಳ್ಕೋತ ಕುಂದರತೀನಿ."

ಆಮೇಲೆಯೂ ಕೆಲವು ತಿಂಗಳು ಪತ್ರಿಕೆ ನಡೆಯಿತು. ನಾನು ಪ್ರತಿ ವಾರದ ಪುಟವನ್ನು ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಎಲ್ಲೆಲ್ಲಿಯದೋ ಜನ, ನಾನು ಮುಖ ನೋಡದವರು, ಸೂಪರ್ ಎಂದು ಬರೆಯುತ್ತಿದ್ದರು. ಅದನ್ನು ಖುಷಿಯಿಂದ ಚಾಚಾಗೆ ತೋರಿಸಿದರೆ, ಇವರು ಯಾವ ಊರವರು, ಈ ಕಡೆ ಬಂದರೆ ಕರಕೊಂಡು ಬಾ ಎನ್ನುತ್ತಿದ್ದರು. ಆ ದಿನಗಳಲ್ಲೇ ನರಗುಂದಕ್ಕೆ ಹೋದ ಬಂಡಲ್ಲು ಕಟ್ಟಿದ ದಾರವೂ ಬಿಚ್ಚದೆ ಬಸ್ಸಿನಲ್ಲಿ ವಾಪಸ್ ಬಂತು. ಅಲ್ಲಿಯ ಚಹಾದಂಗಡಿಯವರು ಮಗನಿಗೆ ಅಂಗಡಿ ಬಿಟ್ಟುಕೊಟ್ಟಿದ್ದರಂತೆ.

ಮಳೆಗಾಲದ ಕೊನೆಗೆ ಚಾಚಾಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ, ಅವರ ತಂಗಿಯ ಮಗ ಬಂದು ಹುಬ್ಬಳ್ಳಿಗೆ ಕರಕೊಂಡು ಹೋದ. ಹೋಗುವಾಗ ಅವರು ಮುಂದಿನ ವಾರದ ಎರಡು ಪುಟ ಮಾಡಿಟ್ಟಿರು ಎಂದಿದ್ದರು. ಮಾಡಿಟ್ಟಿದ್ದೆ. ಅವು ಅಚ್ಚಾಗಲಿಲ್ಲ.

ಅವರು ತೀರಿಕೊಂಡ ಸುದ್ದಿ ಊರಿನ ಗ್ರೂಪಿನಲ್ಲಿ ಬಂತು. ಯಾರೋ ಹಳೆಯ ಫೋಟೋ ಹಾಕಿ ಎರಡು ಸಾಲು ಬರೆದಿದ್ದರು. ಅದರ ಕೆಳಗೆ ಕೈಮುಗಿದ ಚಿತ್ರ, ಅದರ ಕೆಳಗೆ ಕೈಮುಗಿದ ಚಿತ್ರ, ಬೆರಳಿನಿಂದ ತಳ್ಳಿದಷ್ಟೂ ಅದೇ. ಮಣ್ಣು ಎಲ್ಲಿ ಮಾಡುತ್ತಾರೆ, ಯಾವಾಗ, ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಾನು ಕೇಳಿ ಬರೆದೆ. ನನ್ನ ಪ್ರಶ್ನೆಯ ಕೆಳಗೂ ಕೈಮುಗಿದ ಚಿತ್ರಗಳೇ ಬಂದವು. ಹುಬ್ಬಳ್ಳಿಯಲ್ಲೇ ಮಣ್ಣು ಮಾಡಿದರೆಂದು ಎರಡು ದಿನದ ಮೇಲೆ ಬಳೆ ಅಂಗಡಿಯವರು ಹೇಳಿದರು. ಚಾಚಾನ ಸಾವಿನ ಸುದ್ದಿ ನಮ್ಮೂರಲ್ಲಿ ಯಾವ ಪೇಪರಿನಲ್ಲೂ ಬರಲಿಲ್ಲ. ಬರಬೇಕಾಗಿದ್ದ ಪೇಪರು ಅವರದೇ ಅಲ್ಲವೇ?

ಈಗ ನಾನು ಮನೆಯಲ್ಲೇ ಕೂತು ಸುತ್ತಲಿನ ಕೆಲವು ಸಣ್ಣ ಪತ್ರಿಕೆಗಳಿಗೆ ಪುಟ ಮಾಡಿಕೊಡುತ್ತೇನೆ. ಹೊಸ ವಿನ್ಯಾಸ ಬೇಕೆಂದು ಕೇಳಿಕೊಂಡು ಬರುತ್ತಾರೆ. ಬರುತ್ತಾರೆ ಅಂದರೆ ಫೋನಿಗೆ. ಸುದ್ದಿ ಬರುತ್ತದೆ, ಫೋಟೋ ಬರುತ್ತದೆ, ಪುಟ ಕಳಿಸುತ್ತೇನೆ, ಹೆಬ್ಬೆರಳಿನ ಚಿತ್ರ ಬರುತ್ತದೆ. ಒಂದು ವರ್ಷದಿಂದ ಪುಟ ಮಾಡಿಕೊಡುತ್ತಿರುವ ಸಂಪಾದಕರ ದನಿ ಹೇಗಿದೆ ಅಂತ ನನಗೆ ಗೊತ್ತಿಲ್ಲ.

ಅವ್ವ ಅಂಟು ಕಾಸಿದ ಆ ದಿನ ಆ ಸಂಪಾದಕರಿಗೊಂದು ಮೆಸೇಜು ಹಾಕಿದೆ. ಮೊದಲ ಪುಟ ಪೂರಾ ಬದಲಾಯಿಸೋಣ ಅಂದಿದ್ದೀರಲ್ಲ, ನಾನು ಒಂದು ದಿನ ನಿಮ್ಮ ಆಫೀಸಿಗೇ ಬರುತ್ತೇನೆ, ಕೂತು ಮಾಡೋಣ ಎಂದು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಆಫೀಸ್ ಎಲ್ಲೈತ್ರಿ ಮೇಡಂ, ಎಲ್ಲಾ ಫೋನ್‌ನ್ಯಾಗ ನಡೀತೈತಿ. ನೀವು ಬರೂದ್ಯಾಕ? ಅಲ್ಲಿಂದನ ಕಳಸ್ರಿ."

ಕೆಲಸಕ್ಕಲ್ಲ, ಸುಮ್ಮನೆ ಕೂತು ಮಾತಾಡೋಕೆ ಬರುತ್ತಿದ್ದೆ ಅಂತ ಟೈಪ್ ಮಾಡಿದೆ. ಒಮ್ಮೆ ಓದಿದೆ. ಮುಖ ನೋಡದವರಿಗೆ ಇದನ್ನು ಹೇಗೆ ಕಳಿಸುವುದು... ಒಂದೊಂದೇ ಅಕ್ಷರ ಅಳಿಸಿ, ಪುಟ ಕಳಿಸಿದೆ.